ಕುರಿಯ ಕೊರಳ ಬಿಲ್ಲೆ ಎಷ್ಟು ದೂರದಿಂದ ಮಾತನಾಡಬಲ್ಲುದು?

ಹೊತ್ತು ಮುಳುಗುವ ವೇಳೆಗೆ ಕುರಿಯ ಮಂದೆ ಧೂಳೆಬ್ಬಿಸುತ್ತ ಊರಿಗೆ ಹಿಂದಿರುಗುವುದನ್ನು ಕಾಣದ ಹಳ್ಳಿಗರಿಲ್ಲ. ಗುಬ್ಬಿ ತಾಲ್ಲೂಕಿನ ನಮ್ಮ ಸಿ.ಎಸ್. ಪುರದ ಸುತ್ತಿನಲ್ಲಿಯೂ ಅದು ನಿತ್ಯದ ನೋಟ. ಮುಳ್ಳುಬೇಲಿಯ ರೊಪ್ಪದ ಬಾಗಿಲಲ್ಲಿ ಕುರಿಗಾಹಿ ನಿಂತು, ಕುರಿಗಳು ಒಂದನ್ನೊಂದು ನೂಕಿಕೊಂಡು ಒಳನುಗ್ಗುತ್ತಿರುವಂತೆ, ಬಾಯಲ್ಲೇ ಲೆಕ್ಕ ಹಿಡಿಯುತ್ತಾನೆ. ಲೆಕ್ಕದಲ್ಲಿ ಒಂದು ಕಡಮೆಯಾಯಿತೆಂದರೆ ಅವನಿಗೆ ಆ ರಾತ್ರಿ ನಿದ್ರೆಯಿಲ್ಲ. 2019ರ ಕೊನೆಯಲ್ಲಿಯೂ 2020ರ ಆರಂಭದಲ್ಲಿಯೂ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಈ ಭಾಗದಲ್ಲಿ ಚಿರತೆಗಳು ಮನುಷ್ಯರನ್ನೇ ಬಲಿ ತೆಗೆದುಕೊಂಡ ಮೇಲಂತೂ, ಕತ್ತಲಲ್ಲಿ ತಪ್ಪಿಹೋದ ಒಂದು ಕುರಿಯನ್ನು ಅರಸಿ ಹೊರಡುವುದು ಸಣ್ಣ ಮಾತಾಗಿ ಉಳಿದಿಲ್ಲ.

ನಮ್ಮ ಕಾಲೇಜಿನ ಭೌತಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಇಂಥ ಕುರಿಗಾಹಿಯೊಬ್ಬನ ಮಗನಿದ್ದ. ಈ ಲೆಕ್ಕವನ್ನು ಯಂತ್ರಕ್ಕೇಕೆ ಒಪ್ಪಿಸಬಾರದು ಎಂಬ ಆಲೋಚನೆ ಅವನದೇ. ಕಚೇರಿಗಳಲ್ಲಿ ಹಾಜರಿ ಹಾಕಲು ಬಳಸುವಂಥ ರೇಡಿಯೋ ಬಿಲ್ಲೆಗಳನ್ನೂ, ಅವುಗಳ ಸಂಖ್ಯೆಯನ್ನು ಓದುವ ಒಂದು ಅಗ್ಗದ ರೀಡರನ್ನೂ ಅವನೂ ಅವನ ಗೆಳೆಯರೂ ಕೂಡಿ ಕೊಂಡು ತಂದರು. ಪ್ರಯೋಗಶಾಲೆಯ ಮೇಜಿನ ಮೇಲೆ ಎಲ್ಲವೂ ಸೊಗಸಾಗಿ ನಡೆಯಿತು. ಬಿಲ್ಲೆಯನ್ನು ಹತ್ತಿರ ಹಿಡಿದೊಡನೆ ಯಂತ್ರ ‘ಕೀಂ’ ಎಂದು ಸಂಖ್ಯೆಯನ್ನು ತೋರಿಸುತ್ತಿತ್ತು. ಆದರೆ ರೊಪ್ಪದ ಬಾಗಿಲಿಗೆ ಕಟ್ಟಿದಾಗ ಮಂದೆಯೆಲ್ಲ ಹಾದುಹೋದರೂ ಯಂತ್ರ ಮೌನವಾಗಿಯೇ ಉಳಿಯಿತು. ಅದು ಓದಬಲ್ಲ ದೂರ ಕೇವಲ 5 ಸೆಂಟಿಮೀಟರ್! ಇದನ್ನೆಲ್ಲ ನೋಡುತ್ತ ನಿಂತಿದ್ದ ಹುಡುಗನ ತಂದೆ, “ಏನ್ ಮೇಷ್ಟ್ರೇ, ನಮ್ ಕುರಿ ಒಂದೊಂದಾಗಿ ಬಂದು ನಿಮ್ ಪೆಟ್ಟಿಗೆಗೆ ಮುತ್ ಕೊಟ್ಟು ಹೋಗ್ಬೇಕಾ?” ಎಂದು ನಕ್ಕರು.

ಆ ನಗೆಯಲ್ಲಿ ಒಂದು ಒಳ್ಳೆಯ ಭೌತಶಾಸ್ತ್ರದ ಪ್ರಶ್ನೆ ಅಡಗಿತ್ತು. ಇಂಥ ರೀಡರ್ ಅಷ್ಟು ಹತ್ತಿರದಿಂದ ಮಾತ್ರ ಓದುವುದೇಕೆ? ಅದರ ದೃಷ್ಟಿಯನ್ನು ದೂರಕ್ಕೆ ಹರಿಸುವ ಬಗೆ ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಒಂದೇ ಹೆದ್ದಾರಿ, ಎರಡು ಬಗೆಯ ಬಿಲ್ಲೆ

ತುಮಕೂರಿನಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗುವವರು ಈ ವೈಚಿತ್ರ್ಯವನ್ನು ಗಮನಿಸಿರಬಹುದು. ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಮೇಲಿರುವ ಯಂತ್ರ ಕೆಲವು ಮೀಟರುಗಳ ದೂರದಿಂದಲೇ ಓದಿಬಿಡುತ್ತದೆ. ಅದೇ ಹೆದ್ದಾರಿಯ ಪಕ್ಕದಲ್ಲಿ, 2024ರ ನವೆಂಬರಿನಲ್ಲಿ ತೆರೆದ ಮಾದಾವರ ನಿಲ್ದಾಣದಲ್ಲಿ ಇಳಿದು ‘ನಮ್ಮ ಮೆಟ್ರೋ’ ಹತ್ತುವಾಗ, ಕಾರ್ಡನ್ನು ದ್ವಾರದ ಫಲಕಕ್ಕೆ ಬಹುಮಟ್ಟಿಗೆ ಮುಟ್ಟಿಸಿಯೇ ಹಿಡಿಯಬೇಕು. ಫಾಸ್ಟ್ಯಾಗಿನಲ್ಲಿಯೂ ಬ್ಯಾಟರಿಯಿಲ್ಲ, ಮೆಟ್ರೋ ಕಾರ್ಡಿನಲ್ಲಿಯೂ ಇಲ್ಲ. ಎರಡೂ ತಮಗೆ ಬೇಕಾದ ಶಕ್ತಿಯನ್ನು ಎದುರಿನ ಯಂತ್ರದಿಂದಲೇ ಪಡೆಯುವ ಪರಾವಲಂಬಿಗಳು. ಹಾಗಿದ್ದರೂ ಒಂದು ದೂರದಿಂದ ಮಾತನಾಡುತ್ತದೆ, ಇನ್ನೊಂದು ಕಿವಿಯಲ್ಲಿ ಪಿಸುಗುಟ್ಟುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ಆವೃತ್ತಿ, ಎಂದರೆ ವಿದ್ಯುತ್ತು ಒಂದು ಸೆಕೆಂಡಿನಲ್ಲಿ ಹಿಂದೆಮುಂದೆ ಹೊಯ್ದಾಡುವ ಸಂಖ್ಯೆ. ಫಾಸ್ಟ್ಯಾಗಿನ ಆವೃತ್ತಿ 865ರಿಂದ 867 ಮೆಗಾಹರ್ಟ್ಸ್. ಅದರ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಮೆಟ್ರೋ ಕಾರ್ಡಿನ ಆವೃತ್ತಿ 13.56 ಮೆಗಾಹರ್ಟ್ಸ್, ಅಲೆಯ ಉದ್ದ ಸುಮಾರು 22 ಮೀಟರ್. ನಮ್ಮ ವಿದ್ಯಾರ್ಥಿಗಳು ತಂದ ಬಿಲ್ಲೆಯದು 125 ಕಿಲೋಹರ್ಟ್ಸ್. ಅದರ ಅಲೆಯ ಉದ್ದ 2,400 ಮೀಟರ್, ಎಂದರೆ ಒಂದೂವರೆ ಮೈಲಿ! ಅಲೆಯ ಉದ್ದದ ಸುಮಾರು ಆರನೆಯ ಒಂದು ಭಾಗದಷ್ಟು ದೂರದವರೆಗೆ ಯಂತ್ರದ ಸುತ್ತಲೂ ಇರುವ ಪ್ರದೇಶಕ್ಕೆ ‘ಸಮೀಪ ಕ್ಷೇತ್ರ’ವೆಂದು ಹೆಸರು. ಅದನ್ನು ದಾಟಿದ ಮೇಲೆಯೇ ಶಕ್ತಿ ಬಿಡುಗಡೆ ಹೊಂದಿ, ದೀಪದ ಬೆಳಕಿನಂತೆ ಅಲೆಯಾಗಿ ಹರಡುತ್ತದೆ. ಫಾಸ್ಟ್ಯಾಗಿನ ಸಮೀಪ ಕ್ಷೇತ್ರ 5–6 ಸೆಂಟಿಮೀಟರಿಗೇ ಮುಗಿಯುವುದರಿಂದ ಅಲ್ಲಿ ಕೆಲಸ ಮಾಡುವುದು ನಿಜವಾದ ರೇಡಿಯೋ ಅಲೆ. 125 ಕಿಲೋಹರ್ಟ್ಸಿನಲ್ಲಿ ಸಮೀಪ ಕ್ಷೇತ್ರ ಸುಮಾರು 380 ಮೀಟರಿನವರೆಗೆ ಚಾಚಿರುತ್ತದೆ. ಆದುದರಿಂದ ನಮ್ಮ ಕುರಿ ಅಲೆಯನ್ನು ಕಾಣುವುದೇ ಇಲ್ಲ. ಅದಕ್ಕೆ ಸಿಕ್ಕುವುದು ಸುರುಳಿಯ ಸುತ್ತ ಉಬ್ಬಿ ಕುಗ್ಗುವ ಕಾಂತಕ್ಷೇತ್ರ ಮಾತ್ರ.

“ಹಾಗಾದರೆ ಕುರಿಗೂ ಫಾಸ್ಟ್ಯಾಗನ್ನೇ ಕಟ್ಟಬಾರದೇಕೆ?” ಎಂದು ವಾಚಕರು ಕೇಳಬಹುದು. ಪ್ರಾಣಿಯ ದೇಹದ ಬಹುಭಾಗ ನೀರು. ಫಾಸ್ಟ್ಯಾಗಿನ ಅಲೆಯನ್ನು ನೀರು ಚೆನ್ನಾಗಿ ಹೀರಿಬಿಡುತ್ತದೆ. ಮೈಗೆ ಒತ್ತಿಕೊಂಡ ಬಿಲ್ಲೆ ಕುರುಡಾಗುತ್ತದೆ. ಕಡಮೆ ಆವೃತ್ತಿಯ ಕಾಂತಕ್ಷೇತ್ರಕ್ಕಾದರೋ ಮಾಂಸ, ಉಣ್ಣೆ, ಕೆಸರು ಇವು ಯಾವುವೂ ಅಡ್ಡಿಯಲ್ಲ. ಆದಕಾರಣವೇ ಪ್ರಾಣಿಗಳ ಬಿಲ್ಲೆಗೆ ಅಂತರರಾಷ್ಟ್ರೀಯ ಪ್ರಮಾಣವಾಗಿ 134.2 ಕಿಲೋಹರ್ಟ್ಸನ್ನು ಗೊತ್ತುಮಾಡಿದ್ದಾರೆ. ಐರೋಪ್ಯ ಒಕ್ಕೂಟದಲ್ಲಿ 2010ರಿಂದ ಕುರಿಗಳಿಗೆ ಇಂಥ ವಿದ್ಯುನ್ಮಾನ ಗುರುತನ್ನು ಕಡ್ಡಾಯಗೊಳಿಸಲಾಯಿತು. ನಮ್ಮ ಹಸು ಎಮ್ಮೆಗಳ ಕಿವಿಯಲ್ಲಿ ಕಾಣುವ, 12 ಅಂಕಿಗಳ ಹಳದಿ ಬಿಲ್ಲೆ ಈ ಜಾತಿಯದಲ್ಲ; ಅದನ್ನು ಕಣ್ಣಿನಿಂದಲೋ ಅದರ ಗೆರೆಗಳನ್ನು ಗುರುತಿಸುವ ಕ್ಯಾಮೆರಾದಿಂದಲೋ ಓದಬೇಕು.

ಬ್ಯಾಟರಿಯಿಲ್ಲದೆ ಮಾತು ಹೇಗೆ?

1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ಪ್ರೇರಣೆಯ ತತ್ತ್ವವೇ ಇಲ್ಲಿಯ ಜೀವಾಳ. ಒಂದು ಸುರುಳಿಯಲ್ಲಿ ಹೊಯ್ದಾಡುವ ವಿದ್ಯುತ್ತು ಹರಿದರೆ ಅದರ ಸುತ್ತ ಕಾಂತಕ್ಷೇತ್ರವೂ ಹೊಯ್ದಾಡುತ್ತದೆ. ಆ ಕ್ಷೇತ್ರದಲ್ಲಿ ಇನ್ನೊಂದು ಸುರುಳಿಯನ್ನು ಹಿಡಿದರೆ ಅದರಲ್ಲಿಯೂ ವಿದ್ಯುತ್ತು ಹುಟ್ಟುತ್ತದೆ. ಊರ ಹೊರಗೆ ಕಂಬದ ಮೇಲೆ ಕುಳಿತಿರುವ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದು ಹೀಗೆಯೇ. ರೀಡರನ್ನೂ ಬಿಲ್ಲೆಯನ್ನೂ ಕೂಡಿಸಿ ನೋಡಿದರೆ ಅದೊಂದು ಸಡಿಲವಾದ ಟ್ರಾನ್ಸ್‌ಫಾರ್ಮರ್. ಎರಡು ಸುರುಳಿಗಳ ನಡುವೆ ಕಬ್ಬಿಣದ ಬದಲು ಗಾಳಿಯಿದೆ, ಅಷ್ಟೆ.

ಬಿಲ್ಲೆಯೊಳಗೆ ಕೂದಲಿನಷ್ಟು ತೆಳುವಾದ ತಂತಿಯ ಸುರುಳಿಯೊಂದೂ, ಸಾಸಿವೆಗಿಂತ ಚಿಕ್ಕದಾದ ಚಿಪ್ಪೊಂದೂ ಇರುತ್ತವೆ. ಸುರುಳಿಯಲ್ಲಿ ಸಾಕಷ್ಟು ವೋಲ್ಟೇಜು ಹುಟ್ಟಿದೊಡನೆ ಚಿಪ್ಪು ಎಚ್ಚರಗೊಳ್ಳುತ್ತದೆ. ಅದಕ್ಕೆ ಕೂಗಿ ಹೇಳುವಷ್ಟು ಶಕ್ತಿಯಿಲ್ಲ. ಅದು ತನ್ನ ಸುರುಳಿಯ ಮೇಲಿನ ಹೊರೆಯನ್ನು ಒಂದು ಕ್ರಮದಲ್ಲಿ ಹೆಚ್ಚು ಕಡಮೆ ಮಾಡುತ್ತದೆ. ಬಾವಿಯಿಂದ ನೀರು ಸೇದುವವನಿಗೆ ಕೊಡ ತುಂಬಿತೋ ಇಲ್ಲವೋ ಎಂಬುದು ಹಗ್ಗದ ಭಾರದಿಂದಲೇ ತಿಳಿಯುವಂತೆ, ರೀಡರಿಗೆ ಈ ಹೊರೆಯ ಏರಿಳಿತ ತನ್ನ ಸುರುಳಿಯಲ್ಲಿಯೇ ಗೊತ್ತಾಗುತ್ತದೆ. ಆ ಏರಿಳಿತವೇ ಬಿಲ್ಲೆಯ ಸಂಖ್ಯೆ. ಹೀಗೆ ಎದುರಿನವನ ಶಕ್ತಿಯನ್ನೇ ಬಳಸಿ ಉತ್ತರ ಕೊಡುವ ವಿಧಾನವನ್ನು ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರು 1948ರಷ್ಟು ಹಿಂದೆಯೇ ಪ್ರಬಂಧವೊಂದರಲ್ಲಿ ಚರ್ಚಿಸಿದ್ದ.

ನಮ್ಮ ಬಿಲ್ಲೆ ಒಂದು ಸಾರಿ ತನ್ನ ಸಂಖ್ಯೆಯನ್ನು ಹೇಳಿ ಮುಗಿಸಲು 64 ಸಂಕೇತಗಳು ಬೇಕು. ಒಂದೊಂದು ಸಂಕೇತಕ್ಕೂ ಕ್ಷೇತ್ರದ 64 ಹೊಯ್ದಾಟಗಳು ತಗಲುತ್ತವೆ. ಲೆಕ್ಕ ಹಾಕಿದರೆ ಒಟ್ಟು 4,096 ಹೊಯ್ದಾಟ, ಸುಮಾರು 33 ಮಿಲಿಸೆಕೆಂಡು. ಸೆಕೆಂಡಿಗೆ 2 ಮೀಟರ್ ವೇಗದಿಂದ ನುಗ್ಗುವ ಕುರಿ ಇಷ್ಟರಲ್ಲಿ ಆರೂವರೆ ಸೆಂಟಿಮೀಟರ್ ಮುಂದೆ ಸಾಗಿರುತ್ತದೆ. ಓದುವ ಪ್ರದೇಶವೇ ಅಷ್ಟು ಅಗಲವಿಲ್ಲದಿದ್ದರೆ ಬಿಲ್ಲೆ ತನ್ನ ಹೆಸರಿನ ಮೊದಲಕ್ಷರ ನುಡಿಯುವುದರೊಳಗೆ ಕುರಿ ದಾಟಿಹೋಗಿರುತ್ತದೆ. ರೊಪ್ಪದ ಬಾಗಿಲಲ್ಲಿ ಯಂತ್ರ ಮೂಕವಾದುದಕ್ಕೆ ಇದು ಕಾರಣ.

ಬಲ ಹೆಚ್ಚಿಸಿದರೆ ಸಾಕೆ?

ವಿದ್ಯಾರ್ಥಿಗಳ ಮೊದಲ ಉಪಾಯ ಯಾರಿಗಾದರೂ ಹೊಳೆಯುವಂಥದೇ: ಹೆಚ್ಚು ವೋಲ್ಟೇಜು ಕೊಡುವುದು. ಫಲವಾಗಿ ರೀಡರಿನ ಚಿಪ್ಪು ಕೈಮುಟ್ಟಲಾರದಷ್ಟು ಕಾದು ಸುಟ್ಟುಹೋಯಿತು. ದೂರ ಮಾತ್ರ ಒಂದು ಬೆರಳಿನಷ್ಟೂ ಹೆಚ್ಚಲಿಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ. ದೀಪದಿಂದ ಎರಡರಷ್ಟು ದೂರ ಸರಿದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಸುರುಳಿಯ ಕಾಂತಕ್ಷೇತ್ರ ಇದಕ್ಕಿಂತ ಬಹಳ ಬೇಗ ಕ್ಷೀಣಿಸುತ್ತದೆ. ಸುರುಳಿಯ ತ್ರಿಜ್ಯಕ್ಕಿಂತ ಸಾಕಷ್ಟು ದೂರ ಹೋದ ಮೇಲೆ, ದೂರ ಇಮ್ಮಡಿಸಿದರೆ ಕ್ಷೇತ್ರ ಎಂಟರಲ್ಲಿ ಒಂದು ಪಾಲಾಗುತ್ತದೆ. ಅದನ್ನು ಮೊದಲಿನ ಮಟ್ಟಕ್ಕೆ ತರಲು ಸುರುಳಿಯಲ್ಲಿ ಎಂಟರಷ್ಟು ವಿದ್ಯುತ್ಪ್ರವಾಹ ಹರಿಯಬೇಕು. ಪ್ರವಾಹ ಎಂಟರಷ್ಟಾಗಬೇಕಾದರೆ ಖರ್ಚಾಗುವ ಶಕ್ತಿ ಎಂಟೆಂಟಲೆ 64ರಷ್ಟಾಗಬೇಕು! ದೂರ ಎರಡರಷ್ಟು, ಬೆಲೆ ಅರವತ್ತನಾಲ್ಕರಷ್ಟು. ಕೂಗಾಡಿ ದೂರವನ್ನು ಗೆಲ್ಲುವ ಈ ದಾರಿ ಬೇಗನೆ ಮುಚ್ಚಿಹೋಗುತ್ತದೆ.

ಬಳೆಯ ಗಾತ್ರ

ಎರಡನೆಯ ಉಪಾಯ ಸುರುಳಿಯನ್ನು ದೊಡ್ಡದು ಮಾಡುವುದು. ಇಂಥ ರೀಡರುಗಳಲ್ಲಿ ಸುರುಳಿ ಬೇರೆಯಾಗಿದ್ದು ಎರಡು ತಂತಿಗಳಿಂದ ಜೋಡಣೆಗೊಂಡಿರುವುದರಿಂದ ಬದಲಾಯಿಸುವುದು ಸುಲಭ. ಮೂಲ ಸುರುಳಿಯ ತ್ರಿಜ್ಯ ಎರಡೂವರೆ ಸೆಂಟಿಮೀಟರ್. ವಿದ್ಯಾರ್ಥಿಗಳು ಉತ್ಸಾಹದಿಂದ 20 ಸೆಂಟಿಮೀಟರ್ ತ್ರಿಜ್ಯದ, ಜರಡಿಯಷ್ಟು ದೊಡ್ಡ ಬಳೆಯೊಂದನ್ನು ಸುತ್ತಿದರು. ಅದರ ನಟ್ಟನಡುವೆ ಬಿಲ್ಲೆಯನ್ನು ಹಿಡಿದರೂ ಯಂತ್ರ ಮಾತನಾಡಲಿಲ್ಲ. ಅವರು ಕಂಗೆಟ್ಟರು, ಆದರೆ ಈ ಸೋಲಿನಿಂದ ಕಲಿತಷ್ಟನ್ನು ಯಾವ ಗೆಲುವಿನಿಂದಲೂ ಕಲಿಯಲಿಲ್ಲ.

ಸುರುಳಿಗೆ ‘ಪ್ರೇರಕತೆ’ ಎಂಬ ಗುಣವೊಂದುಂಟು. ಸುತ್ತುಗಳು ಹೆಚ್ಚಿದರೂ ಬಳೆ ದೊಡ್ಡದಾದರೂ ಅದು ಹೆಚ್ಚುತ್ತದೆ. ರೀಡರಿಗೆ ಹೊಂದಬೇಕಾದರೆ ಪ್ರೇರಕತೆ ಮೊದಲಿನಷ್ಟೇ ಇರಬೇಕು. ಆದುದರಿಂದ ಬಳೆ ಹಿಗ್ಗಿದಂತೆ ಸುತ್ತುಗಳನ್ನು ಕಡಮೆ ಮಾಡಲೇಬೇಕು. ಚಿಕ್ಕ ಸುರುಳಿಯಲ್ಲಿ ಸುಮಾರು 110 ಸುತ್ತುಗಳಿದ್ದರೆ 20 ಸೆಂಟಿಮೀಟರಿನ ಬಳೆಗೆ 30 ಸುತ್ತುಗಳೇ ಸಾಕು. ಹೀಗಾಗಿ ಅದೇ ಶಕ್ತಿ ಈಗ ದೊಡ್ಡ ಪ್ರದೇಶದಲ್ಲಿ ತೆಳುವಾಗಿ ಹರಡಿಕೊಳ್ಳುತ್ತದೆ. ಒಂದು ಹಿಡಿ ಬೀಜವನ್ನು ಪಾತಿಗೆ ಚೆಲ್ಲುವುದಕ್ಕೂ ಇಡೀ ಹೊಲಕ್ಕೆ ಚೆಲ್ಲುವುದಕ್ಕೂ ಇರುವ ವ್ಯತ್ಯಾಸದಂತೆ.

ಲೆಕ್ಕದಲ್ಲಿ ಇದನ್ನು ನೋಡಬಹುದು. ಚಿಕ್ಕ ಸುರುಳಿಯಿಂದ 5 ಸೆಂಟಿಮೀಟರ್ ದೂರದಲ್ಲಿ, ಎಂದರೆ ಬಿಲ್ಲೆ ಎಚ್ಚರಗೊಳ್ಳುವ ಕಡೆಯ ಅಂಚಿನಲ್ಲಿ, ಕ್ಷೇತ್ರದ ಬಲ 100 ಎಂದಿಟ್ಟುಕೊಳ್ಳೋಣ. ಅದೇ ಸುರುಳಿಯಿಂದ 20 ಸೆಂಟಿಮೀಟರ್ ದೂರದಲ್ಲಿ ಅದು ಕೇವಲ 2ಕ್ಕೆ ಇಳಿಯುತ್ತದೆ. ಅಷ್ಟೇ ಪ್ರವಾಹ ಹರಿಯುವ ದೊಡ್ಡ ಬಳೆಯಾದರೆ 20 ಸೆಂಟಿಮೀಟರ್ ದೂರದಲ್ಲಿ ಸುಮಾರು 14ರಷ್ಟಿರುತ್ತದೆ. ದೂರದಲ್ಲಿ ದೊಡ್ಡ ಬಳೆಯೇ ಮೇಲು, ಸಂದೇಹವಿಲ್ಲ. ಆದರೆ ಆ ಬಳೆಯ ಮಧ್ಯದಲ್ಲಿಯೂ ಬಲ 38ನ್ನು ಮೀರುವುದಿಲ್ಲ. ಬಿಲ್ಲೆಗೆ ಬೇಕಾದುದು 100. ಎಲ್ಲೆಲ್ಲಿಯೂ ಸ್ವಲ್ಪ ಸ್ವಲ್ಪ ಇದ್ದು ಎಲ್ಲಿಯೂ ಸಾಲದ ಸ್ಥಿತಿ ಅದು.

ಇದರಿಂದ ಹೊರಡುವ ಸೂತ್ರ ಸರಳವಾದುದು: ಪ್ರೇರಕತೆಯನ್ನು ಬದಲಿಸದೆ ಸುರುಳಿ ಸುತ್ತುವಾಗ, ಓದಬೇಕಾದ ದೂರ ಎಷ್ಟೋ ಬಳೆಯ ತ್ರಿಜ್ಯವೂ ಸುಮಾರು ಅಷ್ಟಿರಲಿ. ಅದಕ್ಕಿಂತ ಚಿಕ್ಕದಾದರೆ ಕ್ಷೇತ್ರ ದೂರ ಮುಟ್ಟದು; ದೊಡ್ಡದಾದರೆ ವ್ಯರ್ಥವಾಗಿ ಹರಡುವುದು. ಹೀಗೆ ಬಳೆಯನ್ನೂ ದೂರದೊಡನೆ ಬೆಳೆಸುತ್ತ ಹೋದರೆ, ದೂರವನ್ನು ಇಮ್ಮಡಿಸಲು ಬೇಕಾಗುವ ಶಕ್ತಿ 64ರಷ್ಟಲ್ಲ, 8ರಷ್ಟು ಮಾತ್ರ. ಉದ್ದ, ಅಗಲ, ಎತ್ತರ ಮೂರೂ ಇಮ್ಮಡಿಯಾದ ಕಣಜಕ್ಕೆ ಎಂಟರಷ್ಟು ಧಾನ್ಯ ಹಿಡಿಸುವಂತೆಯೇ ಇದು.

ಕೇಳುವವನಂತೆ ಹೇಳುವವನೂ ಬೆಳೆಯಬೇಕು

ಎಂಟರಷ್ಟು ಶಕ್ತಿಯೂ ಬೇಡವೆನ್ನುವ ಉಪಾಯವೊಂದುಂಟು. ನಾವು ಇದುವರೆಗೆ ರೀಡರನ್ನೇ ತಿದ್ದುತ್ತಿದ್ದೆವು. ಬಿಲ್ಲೆಯ ಕಡೆ ತಿರುಗಿ ನೋಡಿರಲಿಲ್ಲ. ವಿದ್ಯಾರ್ಥಿಗಳು ಮೊದಲು ಬಳಸಿದುದು ಎರಡೂವರೆ ಸೆಂಟಿಮೀಟರ್ ವ್ಯಾಸದ ನಾಣ್ಯದಂಥ ಬಿಲ್ಲೆ. ಕಚೇರಿ ನೌಕರರು ಕೊರಳಿಗೆ ತೂಗುಹಾಕಿಕೊಳ್ಳುವ ದಪ್ಪನೆಯ ಹಾಜರಿ ಕಾರ್ಡಿನೊಳಗಿನ ಸುರುಳಿ ಇದರ ಸುಮಾರು ಎರಡರಷ್ಟಿರುತ್ತದೆ. ಎರಡೂ ಒಂದೇ ಬಗೆಯ ಚಿಪ್ಪಿನವಾಗಿದ್ದು ಸುರುಳಿಯ ಗುಣವೂ ಒಂದೇ ಆಗಿದ್ದರೆ, ಇಮ್ಮಡಿ ವ್ಯಾಸದ ಸುರುಳಿ ಎಂಟರಷ್ಟು ಶಕ್ತಿಯನ್ನು ಹೀರಬಲ್ಲುದು. ಹಿಂದಿನ ಕ್ಷೇತ್ರದ ಸುಮಾರು ಮೂರರಲ್ಲಿ ಒಂದು ಪಾಲಿನಲ್ಲಿಯೇ ಎಚ್ಚರಗೊಳ್ಳಬಲ್ಲುದು. ಕುರಿಯ ಕೊರಳಿಗೆ ಕಾರ್ಡೊಂದು ಭಾರವಲ್ಲ.

ಬೇಕಾದ ಬಲ ಹೀಗೆ 100ರಿಂದ 35ರ ಸುಮಾರಿಗೆ ಇಳಿಯಿತು. ಇನ್ನು ಜರಡಿಯಷ್ಟು ಬಳೆಯನ್ನು ಬಿಟ್ಟು 12 ಸೆಂಟಿಮೀಟರ್ ತ್ರಿಜ್ಯದ, 41 ಸುತ್ತುಗಳ ಬಳೆಯನ್ನು ಮಾಡಿಕೊಂಡರು. ಅದರಿಂದ 12 ಸೆಂಟಿಮೀಟರ್ ದೂರದಲ್ಲಿ ದೊರೆಯುವ ಬಲ 31. ಗುರಿ ಕೈಗೆಟುಕುವಷ್ಟು ಸಮೀಪಿಸಿತು. ಉಳಿದ ಸ್ವಲ್ಪ ಅಂತರವನ್ನು ಶ್ರುತಿ, ನಿಶ್ಶಬ್ದ, ನೆರೆಹೊರೆ ಇವುಗಳನ್ನು ಸರಿಪಡಿಸಿ ತುಂಬಿಕೊಳ್ಳಬೇಕಾಗಿತ್ತು.

ಶ್ರುತಿ ಕೂಡಿಸುವುದು

ತಂಬೂರಿಯ ತಂತಿ ಶ್ರುತಿಗೆ ಕೂಡಿದಾಗ ಮಾತ್ರ ಪಕ್ಕದ ತಂತಿ ಮೀಟದೆಯೇ ಮಿಡಿಯುತ್ತದೆ. ಸುರುಳಿಗೂ ಇದೇ ಧರ್ಮ. ಸುರುಳಿಯನ್ನು ಕಂಡೆನ್ಸರೊಂದರ ಜತೆ ಜೋಡಿಸಿದಾಗ ಅದಕ್ಕೆ ತನ್ನದೇ ಆದ ಒಂದು ಆವೃತ್ತಿ ಒದಗುತ್ತದೆ. 1.08 ಮಿಲಿಹೆನ್ರಿ ಪ್ರೇರಕತೆಯ ಸುರುಳಿಯೂ 1,500 ಪಿಕೋಫ್ಯಾರಡಿನ ಕಂಡೆನ್ಸರೂ ಕೂಡಿದರೆ ಅದು 125 ಕಿಲೋಹರ್ಟ್ಸಿಗೆ ಸರಿಯಾಗಿ ನಿಲ್ಲುತ್ತದೆ. ಈ ಅನುರಣನದ ಬಲದಿಂದಲೇ ಸಣ್ಣ ಚಿಪ್ಪೊಂದು ಸುರುಳಿಯಲ್ಲಿ ದೊಡ್ಡ ಪ್ರವಾಹವನ್ನು ತೂಗಾಡಿಸಬಲ್ಲುದು. ತಕ್ಕ ಹೊತ್ತಿಗೆ ತಳ್ಳಿದರೆ ಮಗುವೂ ದೊಡ್ಡ ಉಯ್ಯಾಲೆಯನ್ನು ತೂಗುವಂತೆ.

ಶ್ರುತಿ ತಪ್ಪಿದರೆ ಆಗುವ ನಷ್ಟ ಸಾಮಾನ್ಯವಲ್ಲ. ಕೈಯಿಂದ ಸುತ್ತಿದ ಸುರುಳಿಯ ಪ್ರೇರಕತೆ ನೂರಕ್ಕೆ ಹತ್ತರಷ್ಟು ಹೆಚ್ಚಾದರೆ ಆವೃತ್ತಿ ನೂರಕ್ಕೆ ಐದರಷ್ಟು ಕೆಳಗಿಳಿಯುತ್ತದೆ. ಇಷ್ಟರಿಂದಲೇ, ಸಾಮಾನ್ಯ ತೀಕ್ಷ್ಣತೆಯ ಸುರುಳಿಯಲ್ಲಿ, ಪ್ರವಾಹ ಮೂರರಲ್ಲಿ ಒಂದು ಪಾಲಿಗೆ ಕುಸಿದುಬಿಡುತ್ತದೆ. ಆದುದರಿಂದ ಒಂದೆರಡು ಸುತ್ತು ಹೆಚ್ಚಾಗಿಯೇ ಸುತ್ತಿ, ಸುರುಳಿಯ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ನೋಡುತ್ತ ಅರ್ಧರ್ಧ ಸುತ್ತನ್ನು ಬಿಚ್ಚುತ್ತ ಹೋಗಿ, ಅಲೆ ಅತಿ ಎತ್ತರಕ್ಕೆ ಏರಿದಲ್ಲಿ ನಿಲ್ಲಿಸುವುದು ಉತ್ತಮ ವಿಧಾನ.

ಶ್ರುತಿಯ ತೀಕ್ಷ್ಣತೆಯಲ್ಲಿಯೂ ಅತಿಯಾದುದು ಸಲ್ಲದು. ತೀರ ತೀಕ್ಷ್ಣವಾದ ಸುರುಳಿ ದೇವಸ್ಥಾನದ ಗಂಟೆಯಂತೆ. ಹೊಡೆದ ಮೇಲೂ ಬಹಳ ಹೊತ್ತು ಗುಂಯ್‌ಗುಡುತ್ತಿರುತ್ತದೆ. ಒಂದು ಸಂಕೇತದ ನಾದ ಅಡಗುವ ಮೊದಲೇ ಮುಂದಿನ ಸಂಕೇತ ಬಂದರೆ ಎರಡೂ ಕಲಸಿಹೋಗುತ್ತವೆ. ಸೆಕೆಂಡಿಗೆ ಸುಮಾರು 2,000 ಸಂಕೇತಗಳನ್ನು ಹೇಳುವ ಈ ಬಿಲ್ಲೆಗೆ ತೀಕ್ಷ್ಣತೆಯ ಅಂಕ 30ರ ಆಸುಪಾಸಿನಲ್ಲಿದ್ದರೆ ಹಿತ. ಬಲವೂ ಬೇಕು, ಸ್ಪಷ್ಟತೆಯೂ ಬೇಕು. ಎರಡರ ನಡುವೆ ರಾಜಿಯೇ ಗತಿ.

ಗದ್ದಲವೂ ಕಬ್ಬಿಣವೂ

ಬಿಲ್ಲೆಯ ಉತ್ತರ ಅತ್ಯಂತ ಮೆಲುದನಿಯದು. ದೂರ ಹೆಚ್ಚಿದಂತೆ ಬಿಲ್ಲೆಗೆ ಹೋಗುವ ಕ್ಷೇತ್ರವೂ ಕ್ಷೀಣಿಸುತ್ತದೆ, ಅದರಿಂದ ಮರಳಿ ಬರುವ ಪ್ರಭಾವವೂ ಅದೇ ರೀತಿ ಕ್ಷೀಣಿಸುತ್ತದೆ. ನಷ್ಟ ಎರಡು ಸಲ. ಆದಕಾರಣ ರೀಡರಿನ ಸುತ್ತ ವಿದ್ಯುತ್ತಿನ ಗದ್ದಲ ಇರಕೂಡದು. ವಿದ್ಯಾರ್ಥಿಗಳು ಯಂತ್ರಕ್ಕೆ ಮೊಬೈಲ್ ಚಾರ್ಜರಿನಿಂದ ವಿದ್ಯುತ್ತು ಕೊಡುತ್ತಿದ್ದರು. ಇಂಥ ಚಾರ್ಜರುಗಳು ಒಳಗೊಳಗೇ ಸೆಕೆಂಡಿಗೆ ಸಾವಿರಾರು, ಕೆಲವು ಲಕ್ಷಕ್ಕೂ ಮೀರಿದ ಬಾರಿ ವಿದ್ಯುತ್ತನ್ನು ಕಡಿದು ಕೂಡಿಸುವಂಥವು. ಅವುಗಳ ಸದ್ದು ನೇರವಾಗಿ 125 ಕಿಲೋಹರ್ಟ್ಸಿನ ನೆರೆಯಲ್ಲಿಯೇ ಬೀಳಬಹುದು. ಸಂತೆಯ ನಡುವೆ ಗುಟ್ಟು ಕೇಳಿಸಿಕೊಂಡಂತೆ! ಚಾರ್ಜರನ್ನು ತೆಗೆದು ಬ್ಯಾಟರಿ ಜೋಡಿಸಿದೊಡನೆ, ಬೇರೇನನ್ನೂ ಮುಟ್ಟದೆಯೇ, ಓದುವ ದೂರ ಒಂದು ಬೆರಳಗಲ ಹೆಚ್ಚಿತು.

ಲೋಹ ಇನ್ನೊಂದು ಶತ್ರು. ಬಳೆಯನ್ನು ಮೊದಲು ಕಟ್ಟಿದುದು ಕಬ್ಬಿಣದ ಸರಳುಗಳ ಗೇಟಿಗೆ. ಸರಳುಗಳನ್ನು ಬೆಸೆದ ಚೌಕಟ್ಟುಗಳಲ್ಲಿ ಒಂದೊಂದೂ ಮುಚ್ಚಿದ ಸುತ್ತೊಂದರಂತೆ ವರ್ತಿಸುತ್ತದೆ. ಅದರಲ್ಲಿ ಪ್ರೇರಣೆಯಿಂದ ಹುಟ್ಟಿದ ವಿದ್ಯುತ್ತು, ಲೆನ್ಜನ ನಿಯಮದಂತೆ, ತನ್ನನ್ನು ಹುಟ್ಟಿಸಿದ ಕ್ಷೇತ್ರವನ್ನೇ ಎದುರಿಸಿ ಅಡಗಿಸುತ್ತದೆ. ಜತೆಗೆ ಸುರುಳಿಯ ಶ್ರುತಿಯನ್ನೂ ಕೆಡಿಸುತ್ತದೆ. ಪ್ರಯೋಗಶಾಲೆಯ ಮರದ ಮೇಜಿನ ಮೇಲೆ ಓದಿದ ಯಂತ್ರ ಗೇಟಿನ ಮೇಲೆ ಮೂಕವಾಗಲು ಇದೂ ಒಂದು ಕಾರಣ. ಕಬ್ಬಿಣದ ಗೇಟಿನ ಬದಲು ಬಿದಿರಿನ ತಡಿಕೆಯನ್ನು ನಿಲ್ಲಿಸಿ, ಬಳೆಯನ್ನು ಅದಕ್ಕೆ ಕಟ್ಟಿದ ಮೇಲೆಯೇ ಮತ್ತೊಮ್ಮೆ ಶ್ರುತಿ ಕೂಡಿಸಿದರು. ಎಲ್ಲಿ ಕೆಲಸ ಮಾಡಬೇಕೋ ಅಲ್ಲಿಯೇ ಶ್ರುತಿ ನೋಡಬೇಕೆಂಬುದು ನೆನಪಿಡತಕ್ಕ ಮಾತು. ಇಷ್ಟೆಲ್ಲ ಆದಮೇಲೆ ಯಂತ್ರ ಸುಮಾರು 12 ಸೆಂಟಿಮೀಟರ್ ದೂರದಿಂದ ಓದತೊಡಗಿತು. ಅರ್ಧ ಗೇಣು, ಅಷ್ಟೆ! ಆದರೆ ಬಳೆ ದೊಡ್ಡದಾದುದರಿಂದ ಓದುವ ಪ್ರದೇಶ ಕುರಿ ನಡೆಯುವ ದಿಕ್ಕಿನಲ್ಲಿ 24 ಸೆಂಟಿಮೀಟರಿನಷ್ಟು ಹಬ್ಬಿತ್ತು. ಸೆಕೆಂಡಿಗೆ 2 ಮೀಟರ್ ಓಡುವ ಕುರಿಯ ಬಿಲ್ಲೆಗೂ ಮೂರು ಸಾರಿ ತನ್ನ ಹೆಸರು ಹೇಳುವಷ್ಟು ಅವಕಾಶ ಸಿಕ್ಕಿತು.

ಒಂದು ಸಂಜೆಯ ಪಾಠ

ಯಂತ್ರ ಕೆಲಸ ಮಾಡುತ್ತಿದೆಯೆಂದು ನಾವು ನಂಬಿದ ಕೆಲವು ದಿನಗಳಲ್ಲಿಯೇ ಒಂದು ಸಂಜೆ ಅದು ಒಂದು ಕುರಿ ಕಡಮೆಯೆಂದಿತು. ಮೋಡ ಮುಸುಕಿ ಬೇಗನೆ ಕತ್ತಲಾಗಿತ್ತು. ಹುಡುಗನ ತಂದೆ ಬಾಯಿಲೆಕ್ಕ ಹಾಕಿರಲಿಲ್ಲ. ಮಗನ ಯಂತ್ರದ ಮೇಲೆ ಅವರಿಗೆ ಅಷ್ಟು ಭರವಸೆ ಬಂದಿತ್ತು. ಬ್ಯಾಟರಿ ಹಿಡಿದು ಹಳ್ಳದ ಕಡೆಗೆ ಹೊರಟೇಬಿಟ್ಟರು. ಅರ್ಧ ಗಂಟೆಯ ಮೇಲೆ ರೊಪ್ಪದೊಳಗೆ ಇಳಿದು ಕೈಯಿಂದ ಎಣಿಸಿದಾಗ ಎಲ್ಲ ಕುರಿಗಳೂ ಇದ್ದುವು. ಅವರನ್ನು ಕೂಗಿ ಕರೆದು ತರುವವರೆಗೆ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಆದುದು ಇಷ್ಟೆ: ಒಂದು ಕುರಿಯ ಕೊರಳ ಕಾರ್ಡು ಹಗ್ಗದಲ್ಲಿ ತಿರುಚಿಕೊಂಡು ಬಳೆಗೆ ಅಡ್ಡಲಾಗಿ ನಿಂತಿತ್ತು. ಕಾಂತಕ್ಷೇತ್ರದ ರೇಖೆಗಳು ಬಿಲ್ಲೆಯ ಸುರುಳಿಯನ್ನು ತೂರಿಕೊಂಡು ಹೋದರೆ ಮಾತ್ರ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಬಿಲ್ಲೆ ಬಳೆಗೆ ಸಮಾಂತರವಾಗಿದ್ದಾಗ ಪೂರ್ಣ ಫಲ. 60 ಡಿಗ್ರಿ ತಿರುಗಿದರೆ ಅರ್ಧ. 90 ಡಿಗ್ರಿ ತಿರುಗಿ ಅಂಚನ್ನು ತೋರಿದರೆ ಸೊನ್ನೆ. ಆಗ ಬಳೆಯ ಹತ್ತಿರವೇ ಇದ್ದರೂ ಬಿಲ್ಲೆ ಸುಮ್ಮನಿರುತ್ತದೆ. ಮರುದಿನವೇ ಕಾರ್ಡನ್ನು ಎರಡು ಕಡೆ ಬಿಗಿದು ಕೊರಳಿಗೆ ಒತ್ತಿಕೊಳ್ಳುವಂತೆ ಕಟ್ಟಿದರು. ತಡಿಕೆಯ ಆಚೆ ಬದಿಯಲ್ಲಿ ಸ್ವಲ್ಪ ಓರೆಯಾಗಿ ಎರಡನೆಯ ಬಳೆಯೊಂದನ್ನು ನಿಲ್ಲಿಸಿ, ಎರಡೂ ಸರದಿಯಂತೆ ಓದುವ ಹಾಗೆ ಮಾಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರ ಎಣಿಸಿದ ಮೇಲೂ ಬಾಯಿಲೆಕ್ಕ ಬಿಡಬಾರದೆಂದು ತೀರ್ಮಾನಿಸಲಾಯಿತು. ಯಂತ್ರದ ಮೌನಕ್ಕೆ ‘ಕುರಿಯಿಲ್ಲ’ ಎಂಬ ಒಂದೇ ಅರ್ಥವಿಲ್ಲ; ‘ನನಗೆ ಕೇಳಿಸಲಿಲ್ಲ’ ಎಂಬ ಅರ್ಥವೂ ಇದೆ. ಎರಡನ್ನೂ ಒಂದೇ ಎಂದು ತಿಳಿದುದು ನಮ್ಮ ತಪ್ಪು.

ದೂರಕ್ಕೂ ಒಂದು ಮಿತಿ

ಇನ್ನಷ್ಟು ದೂರ ಬೇಕೆಂಬ ಆಸೆ ವಿದ್ಯಾರ್ಥಿಗಳಿಗೆ ಇಲ್ಲದಿರಲಿಲ್ಲ. ಆದರೆ ಈ ಅಗ್ಗದ ಬಿಲ್ಲೆಗಳಿಗೆ ಸರದಿಯಂತೆ ಮಾತನಾಡುವ ಶಿಸ್ತು ತಿಳಿಯದು. ಎರಡು ಬಿಲ್ಲೆಗಳು ಒಟ್ಟಿಗೆ ಕ್ಷೇತ್ರದೊಳಕ್ಕೆ ಬಂದರೆ ಎರಡೂ ಒಮ್ಮೆಲೇ ಹೆಸರು ಹೇಳತೊಡಗುತ್ತವೆ. ರೀಡರಿಗೆ ಎರಡೂ ಅರ್ಥವಾಗುವುದಿಲ್ಲ. ಓದುವ ದೂರ ಬೆಳೆದಷ್ಟೂ ಈ ಗೊಂದಲವೂ ಬೆಳೆಯುತ್ತದೆ. ಆದುದರಿಂದ ಒಂದು ಕುರಿ ಮಾತ್ರ ಹಾಯುವಷ್ಟು ಇಕ್ಕಟ್ಟಾದ ಓಣಿಯನ್ನು ತಡಿಕೆಯಿಂದ ಕಟ್ಟಿ, ಅದಕ್ಕೆ ತಕ್ಕಷ್ಟೇ ದೂರವನ್ನು ಇಟ್ಟುಕೊಂಡರು.

ಈಗ ಮಾದಾವರದ ಮೆಟ್ರೋ ದ್ವಾರವನ್ನು ಮತ್ತೆ ನೆನೆಯೋಣ. ಅಲ್ಲಿ ಕಾರ್ಡನ್ನು ಮುಟ್ಟಿಸುವಷ್ಟು ಹತ್ತಿರ ಹಿಡಿಯಬೇಕಾದುದು ಯಂತ್ರದ ದೌರ್ಬಲ್ಯವೆಂದು ಆರಂಭದಲ್ಲಿ ತೋರಿರಬಹುದು. ಮೀಟರ್ ದೂರದಿಂದ ಓದುವ ದ್ವಾರವಿದ್ದಿದ್ದರೆ, ಹಿಂದೆ ನಿಂತವರ ಜೇಬಿನಿಂದಲೂ ಹಣ ಕಳೆಯುವ ಭಯವಿರುತ್ತಿತ್ತು. ಅಲ್ಲಿಯ ಹ್ರಸ್ವದೃಷ್ಟಿ ಬೇಕೆಂದೇ ಇಟ್ಟುಕೊಂಡದ್ದು. ಪ್ರಯಾಣಿಕನ ಸಮ್ಮತಿಯ ಗುರುತೇ ಆ ಹತ್ತಿರ. ಸುಂಕದ ಕಟ್ಟೆಗೆ ಮೀಟರುಗಳ ದೂರ ಬೇಕು, ಮೆಟ್ರೋ ದ್ವಾರಕ್ಕೆ ಬೆರಳಗಲ ಸಾಕು, ಕುರಿಯ ರೊಪ್ಪಕ್ಕೆ ಅರ್ಧ ಗೇಣು ಸರಿ.

ಚಿಕ್ಕ ದೂರದ ರೀಡರನ್ನು ತಿದ್ದಲು ಹೊರಟವರು ಈ ಕ್ರಮವನ್ನು ಅನುಸರಿಸಿದರೆ ಶ್ರಮ ಉಳಿಯುತ್ತದೆ. ಕೆಲಸಕ್ಕೆ ನಿಜವಾಗಿ ಎಷ್ಟು ದೂರ ಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಬಿಲ್ಲೆಯನ್ನು ಸಾಧ್ಯವಾದಷ್ಟು ದೊಡ್ಡದು ಮಾಡಿ. ಬಳೆಯ ತ್ರಿಜ್ಯವನ್ನು ಆ ದೂರಕ್ಕೆ ಹೊಂದಿಸಿ. ಕಬ್ಬಿಣವನ್ನು ದೂರವಿಡಿ, ಬ್ಯಾಟರಿಯನ್ನು ಬಳಸಿ, ಇರುವ ಸ್ಥಳದಲ್ಲಿಯೇ ಶ್ರುತಿ ಕೂಡಿಸಿ. ಬಿಲ್ಲೆಯ ಮುಖ ಬಳೆಯ ಕಡೆಗಿರುವಂತೆ ನೋಡಿಕೊಳ್ಳಿ. ಇಷ್ಟಾದರೂ ಸಾಲದೆ ಹೋದರೆ, ಆಗ ಮಾತ್ರ ಶಕ್ತಿಯನ್ನು ಹೆಚ್ಚಿಸುವ ಯೋಚನೆ ಮಾಡಿ.

ರೊಪ್ಪದ ಬಾಗಿಲಲ್ಲಿ ಈಗ ಎರಡು ಲೆಕ್ಕಗಳು ನಡೆಯುತ್ತವೆ: ಒಂದು ಪೆಟ್ಟಿಗೆಯದು, ಇನ್ನೊಂದು ಕುರಿಗಾಹಿಯದು. ಎರಡೂ ಹೊಂದಿದ ದಿನ ಅವರು ಬಾಗಿಲಿಗೆ ಮುಳ್ಳು ಎಳೆದು ನೆಮ್ಮದಿಯಿಂದ ಊಟಕ್ಕೆ ಏಳುತ್ತಾರೆ. ಹೊಂದದ ದಿನ ಹಳ್ಳದ ಕಡೆಗೆ ನೋಡುವ ಮೊದಲು ರೊಪ್ಪದೊಳಗೆ ಇಳಿದು ಇನ್ನೊಮ್ಮೆ ಎಣಿಸುತ್ತಾರೆ.